ಯಾವುದಕ್ಕೂ ಇರಲಿ ಅಂತ ರಾಗಿಯಲ್ಲಿಟ್ಟೆ ಅಣ್ಣ!

ಇವತ್ತು ನನ್ನ ಮೊಬೈಲ್ ರಿಪೇರಿ ಅಂಗಡಿಗೆ ರಾಗಿಯಲ್ಲಿ ಹೂತಿಟ್ಟಿದ್ದ ಫೋನ್ ಬಂತು. ರಾಗಿ! ನೀರಿಗೆ ಬಿದ್ದ ಫೋನನ್ನು ಒಣಗಲಿ ಅಂತ ಅಕ್ಕಿಯಲ್ಲಿಟ್ಟು ತರುವ ಗಿರಾಕಿಗಳು ನನಗೆ ಅಭ್ಯಾಸವಾಗಿ ಹೋಗಿದ್ದಾರೆ, ಇದು ಮಾತ್ರ ಅಪ್ಪಟ ಚಿಕ್ಕಬಳ್ಳಾಪುರದ ಆವಿಷ್ಕಾರ. ಫೋನ್ ಬಿದ್ದದ್ದು ಮನೆಯ ನೀರಿನ ಸಂಪ್ ಒಳಗೆ. ಆ ಅಕ್ಕ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಅಕ್ಕಿ ಡಬ್ಬ ಖಾಲಿ ಆಗಿತ್ತು ಅಣ್ಣ, ಮೂಟೆಯಲ್ಲಿ ರಾಗಿ ಇತ್ತು. ಎರಡೂ ಕಾಳೇ ಅಲ್ವಾ? ಯಾವುದಕ್ಕೂ ಇರಲಿ ಅಂತ ಅದರೊಳಗೇ ಇಟ್ಟೆ. ಮೂರು ದಿನ ಬಿಟ್ಟು ಆನ್ ಮಾಡಿ ಅಂತ ವೀಡಿಯೋದಲ್ಲಿ ಹೇಳಿದ್ರು."

ಟಾರ್ಚ್ ಬಿಟ್ಟು ನೋಡಿದೆ. ಹೆಡ್‌ಫೋನ್ ಹಾಕುವ ತೂತಿನಲ್ಲಿ ರಾಗಿ ಕಾಳುಗಳು ಒಂದರ ಮೇಲೊಂದು ಕೂತಿದ್ದವು. ಅಲ್ಲಾಡಿಸಿದರೆ ಬರಲ್ಲ, ಚುಚ್ಚಿದರೆ ಇನ್ನೂ ಒಳಗೆ ಹೋಗುತ್ತವೆ. ಚಾರ್ಜಿಂಗ್ ಪಿನ್ ಒಳಗೆ ರಾಗಿಯ ಕೆಂಪು ಹೊಟ್ಟು ಒದ್ದೆಗೆ ಅಂಟಿ ಒಣಗಿ ಗಟ್ಟಿಯಾಗಿತ್ತು. ಹಿಂದಿನ ಕವರ್ ಬಿಚ್ಚಿದರೆ ಬೋರ್ಡಿನ ಒಂದು ಮೂಲೆಯಲ್ಲಿ ಆಗಲೇ ಹಸಿರು ಕಿಲುಬು. ನೀರು ಒಳಗಡೆ ತನ್ನ ಕೆಲಸ ಮಾಡುತ್ತಲೇ ಇತ್ತು, ರಾಗಿ ಹೊರಗಡೆ ಕಾವಲು ಕೂತಿತ್ತು.

ಅಲ್ರೀ, ಸ್ವಲ್ಪ ಯೋಚನೆ ಮಾಡಿ. ನೀರು ಇರುವುದು ಬೋರ್ಡಿನ ಮೇಲಿರುವ ತಗಡಿನ ಮುಚ್ಚಳದ ಕೆಳಗೆ, ಚಿಪ್‌ಗಳ ಸಂದಿಯಲ್ಲಿ. ಅಕ್ಕಿ ಇರುವುದು ಫೋನಿನ ಹೊರಗೆ. ಗಾಜು ಮತ್ತು ಅಂಟು ದಾಟಿ ಆ ನೀರನ್ನು ಅಕ್ಕಿ ಹೇಗೆ ಎಳೆದುಕೊಳ್ಳುತ್ತದೆ? ಸುಮ್ನೆ ಫ್ಯಾನ್ ಕೆಳಗೆ ಇಟ್ಟರೂ ಅದಕ್ಕಿಂತ ಬೇಗ ಒಣಗುತ್ತದೆ. ಮತ್ತೆ, ಒಣಗಿದರೂ ಕಥೆ ಮುಗಿಯಲ್ಲ. ನಮ್ಮೂರಿನ ಬೋರ್‌ವೆಲ್ ನೀರು ಗೊತ್ತಲ್ಲ, ಕಾಯಿಸುವ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. ನೀರು ಆವಿಯಾದ ಮೇಲೆ ಅದೇ ಉಪ್ಪು ಬೋರ್ಡಿನ ಮೇಲೂ ಉಳಿಯುತ್ತದೆ. ಬ್ಯಾಟರಿ ಒಳಗೇ ಇರುವುದರಿಂದ ಒದ್ದೆ ಜಾಗದಲ್ಲಿ ಕರೆಂಟ್ ಹರಿದು ತಾಮ್ರ ಕಿಲುಬುಗಟ್ಟುತ್ತಾ ಹೋಗುತ್ತದೆ. ಅದೇ ದಿನ ತಂದಿದ್ದರೆ ಬಿಚ್ಚಿ, ಬ್ಯಾಟರಿ ತಪ್ಪಿಸಿ, ಐಪಿಎ (ಬೋರ್ಡ್ ತೊಳೆಯುವ ಆಲ್ಕೋಹಾಲ್) ಹಾಕಿ ಬ್ರಶ್‌ನಲ್ಲಿ ಉಜ್ಜಿ ಒಣಗಿಸಿ ಕೊಡುತ್ತಿದ್ದೆ. ಮೂರು ದಿನ ರಾಗಿಯಲ್ಲಿ ಮಲಗಿಸಿ ತಂದರೆ ನಾನೇನು ಮಾಡಲಿ? ಅಕ್ಕಿಯಲ್ಲಿ ಇಡಬೇಡಿ, ಅದರ ಪುಡಿಯಿಂದಲೇ ಹಾಳಾಗಬಹುದು ಅಂತ 2024ರಲ್ಲಿ ಆಪಲ್ ಕಂಪನಿಯೇ ಬರೆದು ಹಾಕಿತು. ಲಕ್ಷ ರೂಪಾಯಿ ಫೋನ್ ಮಾಡುವವನ ಮಾತಿಗೆ ಬೆಲೆ ಇಲ್ಲ, ಮೈಕ್ರೋಸ್ಕೋಪ್ ಕೆಳಗೆ ಇಟ್ಟು ತೋರಿಸುವ ನನ್ನ ಮಾತಿಗೂ ಬೆಲೆ ಇಲ್ಲ. ಮೂವತ್ತು ಸೆಕೆಂಡ್ ರೀಲ್ಸ್ ಮಾಡಿದವನು ಹೇಳಿದ್ದೇ ವೇದ.

ನಿಜವಾಗಿ ನನಗೆ ಸಿಟ್ಟು ಬರುವುದು ಆ ರಾಗಿಯ ಮೇಲೂ ಅಲ್ಲ, ಆ ಅಕ್ಕನ ಮೇಲೂ ಅಲ್ಲ. ಆ "ಯಾವುದಕ್ಕೂ ಇರಲಿ" ಇದೆಯಲ್ಲ, ಅದರ ಮೇಲೆ. ಸುಳ್ಳು ಅಂತ ಹೇಳಿದರೆ "ಸುಳ್ಳಾದರೂ ಏನು ನಷ್ಟ, ಯಾವುದಕ್ಕೂ ಇರಲಿ" ಅಂತಾರೆ. ಅದಕ್ಕೆ ಎದುರು ಮಾತೇ ಇಲ್ಲ ಅನ್ನುವ ಹಾಗೆ.

ಬ್ಯಾಟರಿ ವಿಷಯ ನೋಡಿ. ರಾತ್ರಿಯೆಲ್ಲಾ ಚಾರ್ಜ್‌ಗೆ ಹಾಕಿದರೆ ಬ್ಯಾಟರಿ ಉಬ್ಬುತ್ತದೆ, ಬ್ಲಾಸ್ಟ್ ಆಗುತ್ತದೆ ಅಂತ ಹೆದರಿ ಮಧ್ಯರಾತ್ರಿ ಎದ್ದು ಪಿನ್ ಕೀಳುವ ಜನ ಇದ್ದಾರೆ. ಈಗಿನ ಫೋನ್ ತುಂಬಿದ ಮೇಲೆ ತಾನೇ ಕರೆಂಟ್ ನಿಲ್ಲಿಸುತ್ತದೆ. ಕೆಲವು ಫೋನ್‌ಗಳಂತೂ 80ಕ್ಕೆ ನಿಂತು, ನೀವು ಏಳುವ ಹೊತ್ತಿಗೆ ಬಾಕಿ ತುಂಬಿಸುತ್ತವೆ. ಹೊಸ ಫೋನ್ ತಂದ ದಿನ ಎಂಟು ಗಂಟೆ ಚಾರ್ಜ್ ಮಾಡಬೇಕು, ಪೂರ್ತಿ ಸೊನ್ನೆಗೆ ಇಳಿಸಿಯೇ ಹಾಕಬೇಕು ಅನ್ನುವುದು ಹಳೇ ನಿಕಲ್ ಬ್ಯಾಟರಿಗಳ ಕಾಲದ ಪಾಠ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅದನ್ನು ರೂಪಿಸಿದವರಿಗೆ 2019ರಲ್ಲಿ ನೊಬೆಲ್ ಕೂಡ ಬಂತು. ನಮ್ಮ ಜನ ಇನ್ನೂ ಸೊನ್ನೆಗೆ ಇಳಿಸುತ್ತಲೇ ಇದ್ದಾರೆ. ಈ ಬ್ಯಾಟರಿಗೆ ಪದೇ ಪದೇ ಸೊನ್ನೆ ಮುಟ್ಟುವುದೇ ಆಗಿಬರಲ್ಲ.

ತಮಾಷೆ ಏನು ಗೊತ್ತಾ? ಹೀಗೆ ಮಧ್ಯರಾತ್ರಿ ಎದ್ದು ಪಿನ್ ಕೀಳುವವರೇ ಸಂಜೆ ಫೋನನ್ನು ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡುತ್ತಾರೆ! ಅದೂ ಬಸ್ ಸ್ಟ್ಯಾಂಡ್‌ನಲ್ಲಿ ತಗೊಂಡ ಹೆಸರಿಲ್ಲದ ಚಾರ್ಜರ್‌ನಲ್ಲಿ. ಬ್ಯಾಟರಿಗೆ ಶತ್ರು ಬಿಸಿ. ನಾನು ಬಿಚ್ಚುವ ಉಬ್ಬಿದ ಬ್ಯಾಟರಿಗಳೆಲ್ಲ ಒಂದೋ ವಯಸ್ಸಾದವು, ಇಲ್ಲ ಡೂಪ್ಲಿಕೇಟ್, ಇಲ್ಲ ಬಿಸಿಗೆ ಬೆಂದವು. ಹೆದರಬೇಕಾದ ಜಾಗದಲ್ಲಿ ಹೆದರಿಕೆ ಇಲ್ಲ, ಯಾಕೆಂದರೆ ಇರುವ ಹೆದರಿಕೆಯನ್ನೆಲ್ಲ ಬೇರೆ ಕಡೆ ಖರ್ಚು ಮಾಡಿ ಆಗಿದೆ. ನನ್ನ ತಕರಾರು ಇದೇ. ಸುಳ್ಳು ನಂಬಿಕೆ ಪುಕ್ಕಟೆ ಬರಲ್ಲ, ನಿಜದ ಜಾಗ ಆಕ್ರಮಿಸಿಕೊಂಡು ಕೂರುತ್ತದೆ.

ಇನ್ನು ಕೆಲವರಿಗೆ ರೀಸೆಂಟ್ ಆ್ಯಪ್‌ಗಳನ್ನು ಮೇಲಕ್ಕೆ ತಳ್ಳಿ ತಳ್ಳಿ ಕ್ಲೋಸ್ ಮಾಡುವ ಚಟ. ಕೌಂಟರ್ ಮುಂದೆ ನಿಂತು ಮಾತಾಡುತ್ತಲೇ ತಳ್ಳುತ್ತಿರುತ್ತಾರೆ. ಇದರಿಂದ ಬ್ಯಾಟರಿ ಉಳಿಯಲ್ಲ ಅಂತ ಗೂಗಲ್‌ನಲ್ಲಿ ಆಂಡ್ರಾಯ್ಡ್ ನೋಡಿಕೊಳ್ಳುತ್ತಿದ್ದ ಹಿರೋಷಿ ಲಾಕ್‌ಹೈಮರ್, ಆಪಲ್‌ನ ಕ್ರೇಗ್ ಫೆಡರಿಘಿ ಇಬ್ಬರೂ 2016ರಲ್ಲೇ ಹೇಳಿದ್ದಾರೆ. ಮತ್ತೆ ಮೊದಲಿನಿಂದ ತೆರೆಯುವುದಕ್ಕೇ ಜಾಸ್ತಿ ಕೆಲಸ. ಇದನ್ನು ಹೇಳಿದರೆ "ಇರಲಿ ಬಿಡಿ, ಕ್ಲೀನಾಗಿರುತ್ತೆ" ಅಂತಾರೆ. ಮನೆ ಗುಡಿಸಿದ ತೃಪ್ತಿ ಪಾಪ.

ಇನ್‌ಕಾಗ್ನಿಟೋ ಮೋಡ್ ಬಗ್ಗೆ ಜಾಸ್ತಿ ಬರೆಯಲ್ಲ, ಗೆಳೆಯರಿಗೆ ಮುಜುಗರ ಆಗುತ್ತದೆ. ಅದು ನಿಮ್ಮ ಫೋನಿನಲ್ಲಿ ಹಿಸ್ಟರಿ ಉಳಿಸಲ್ಲ, ಅಷ್ಟೇ. ಇಂಟರ್ನೆಟ್ ಕೊಡುವವನಿಗೆ ನೀವು ಯಾವ ಸೈಟಿಗೆ ಹೋದಿರಿ ಅಂತ ಕಾಣಬಹುದು. ಆ ಪೇಜ್ ತೆರೆದ ಕೂಡಲೇ ಕ್ರೋಮ್ ತಾನೇ ಬರೆದು ತೋರಿಸುತ್ತದೆ, ಓದುವವರು ಯಾರು?

ಪೆಟ್ರೋಲ್ ಬಂಕ್‌ಗೆ ಬನ್ನಿ. "ಮೊಬೈಲ್ ಬಳಸಬಾರದು" ಅಂತ ಬೋರ್ಡ್, ಅದರ ಕೆಳಗೇ ದುಡ್ಡು ಕೊಡೋಕೆ ಕ್ಯೂಆರ್ ಕೋಡ್. ಅಮೆರಿಕದಲ್ಲಿ ಬಂಕ್ ಬೆಂಕಿಗಳನ್ನು ಒಂದೊಂದಾಗಿ ಪರಿಶೀಲಿಸಿದವರಿಗೆ ಫೋನಿನಿಂದ ಹತ್ತಿದ್ದು ಅಂತ ಸಾಬೀತಾದದ್ದು ಒಂದೂ ಸಿಗಲಿಲ್ಲ. ಸಿಕ್ಕಿದ್ದು ಮೈಯಲ್ಲಿ, ಬಟ್ಟೆಯಲ್ಲಿ ಸೇರುವ ಸ್ಟಾಟಿಕ್ ಕರೆಂಟಿನ ಕಿಡಿ. ಬೋರ್ಡ್ ಇದೆ, ನಿಯಮ ಇದೆ, ಪಾಲಿಸಿ, ಬೇಡ ಅನ್ನಲ್ಲ. ಆದರೆ ಕ್ಯೂನಲ್ಲಿ ನನ್ನ ಮುಂದಿದ್ದವರು ಕಾಲ್ ಬಂತು ಅಂತ ಗಾಬರಿಯಿಂದ ಫೋನ್ ಜೇಬಿಗೆ ತುರುಕಿಕೊಂಡರು, ಬೈಕಿನ ಇಂಜಿನ್ ಮಾತ್ರ ಆಫ್ ಮಾಡಲೇ ಇಲ್ಲ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಎರಡು ಸಾವಿರದ ನೋಟಿನ ಚಿಪ್ ನೆನಪಿದೆಯಾ? 2016ರ ನವೆಂಬರ್. ನೋಟಿನಲ್ಲಿ ನ್ಯಾನೋ ಜಿಪಿಎಸ್ ಚಿಪ್ ಇದೆ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಸ್ಯಾಟಲೈಟ್‌ಗೆ ಗೊತ್ತಾಗುತ್ತದೆ ಅಂತ. ವಾಟ್ಸಾಪ್ ಬಿಡಿ, ಟಿವಿಯಲ್ಲೇ ಸೂಟು ಬೂಟು ಹಾಕಿಕೊಂಡು ಗ್ರಾಫಿಕ್ಸ್ ಸಮೇತ ತೋರಿಸಿದರು. ಹಾಗೇನೂ ಇಲ್ಲ ಅಂತ ರಿಸರ್ವ್ ಬ್ಯಾಂಕ್ ಹೇಳಿದರೂ ನಿಲ್ಲಲಿಲ್ಲ. ಜಿಪಿಎಸ್ ಅಂದರೆ ಸ್ಯಾಟಲೈಟ್ ಹೇಳುತ್ತದೆ, ಫೋನ್ ಬರೀ ಕೇಳಿಸಿಕೊಳ್ಳುತ್ತದೆ. ಫೋನಿನಿಂದ ಮೇಲಕ್ಕೆ ಏನೂ ಹೋಗಲ್ಲ. ನೀವು ಎಲ್ಲಿದ್ದೀರಿ ಅಂತ ಇನ್ನೊಬ್ಬರಿಗೆ ಗೊತ್ತಾಗಬೇಕಾದರೆ ಬೇರೆ ನೆಟ್‌ವರ್ಕ್ ಬೇಕು, ಅದಕ್ಕೆ ಬ್ಯಾಟರಿ ಬೇಕು. ಕಾಗದದೊಳಗೆ ಬ್ಯಾಟರಿ ಎಲ್ಲಿದೆ? ಕಾಂಪ್ಲೆಕ್ಸ್‌ನ ಬೇಸ್‌ಮೆಂಟ್‌ಗೆ ಇಳಿದರೆ ಇಪ್ಪತ್ತು ಸಾವಿರದ ಫೋನಿನಲ್ಲೇ ಜಿಪಿಎಸ್ ಸಿಗಲ್ಲ. 2023ರ ಮೇ 19ರಂದು ಆ ನೋಟನ್ನೇ ಚಲಾವಣೆಯಿಂದ ವಾಪಸ್ ತಗೊಳ್ಳುತ್ತೇವೆ ಅಂತ ಪ್ರಕಟಣೆ ಬಂತು. ಚಿಪ್ ಬಗ್ಗೆ ಗಂಟೆಗಟ್ಟಲೆ ಕಾರ್ಯಕ್ರಮ ಮಾಡಿದವರು ಅವತ್ತು ಚಿಪ್ಪಿನ ಸುದ್ದಿಯನ್ನೇ ಎತ್ತಲಿಲ್ಲ, ಪುಣ್ಯಾತ್ಮರು.

ಕೊರೋನಾ ಎರಡನೇ ಅಲೆಯಲ್ಲಿ ಜನ ಸಾಯುತ್ತಿರುವುದು 5ಜಿ ಟೆಸ್ಟಿಂಗ್‌ನಿಂದ ಅಂತ ಇನ್ನೊಂದು. ದೇಶದಲ್ಲಿ ಎಲ್ಲೂ 5ಜಿ ಪರೀಕ್ಷೆ ಶುರುವೇ ಆಗಿಲ್ಲ ಅಂತ 2021ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ಹೇಳಬೇಕಾಯಿತು. 5ಜಿ ಸೇವೆ ಬಂದದ್ದು 2022ರ ಅಕ್ಟೋಬರ್ 1ಕ್ಕೆ. ಬಾರದೇ ಇದ್ದ 5ಜಿ ಜನರನ್ನು ಕೊಂದಿತಂತೆ! ಟವರ್ ಬೇಡ ಅಂತ ಜಗಳ ಮಾಡಿದವರೇ ನನ್ನ ಹತ್ತಿರ ಬಂದು "ಸಿಗ್ನಲ್ ಇಲ್ಲ, ಬ್ಯಾಟರಿ ಬೇಗ ಇಳಿಯುತ್ತೆ" ಅಂತಾರೆ. ಟವರ್ ದೂರ ಇದ್ದಷ್ಟೂ ಫೋನ್ ಜೋರಾಗಿ ಕೂಗಬೇಕು ಸ್ವಾಮಿ, ಬ್ಯಾಟರಿ ಇಳಿಯದೆ ಇನ್ನೇನಾಗುತ್ತದೆ?

"ಹೋಗಲಿ ಬಿಡಪ್ಪ, ಒಳ್ಳೆ ಉದ್ದೇಶದಿಂದ ಕಳಿಸುತ್ತಾರೆ, ನಿನಗ್ಯಾಕೆ ಉರಿ" ಅಂತ ನನ್ನ ಭಾವನೇ ಕೇಳಿದರು. ಒಪ್ಪೋಣ, ಒಳ್ಳೆಯ ಉದ್ದೇಶವೇ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಕಳಿಸಿದವರದ್ದೂ ಒಳ್ಳೆಯ ಉದ್ದೇಶವೇ, ಮಕ್ಕಳ ಮೇಲಿನ ಪ್ರೀತಿಯೇ. ಆ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಗೆಳೆಯರ ಜೊತೆ ಬಂದಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು, ಅಷ್ಟೇ. ಅದಾದ ಕೆಲವೇ ದಿನಕ್ಕೆ ವಾಟ್ಸಾಪ್ ಒಂದು ಮೆಸೇಜನ್ನು ಐದಕ್ಕಿಂತ ಜಾಸ್ತಿ ಕಡೆ ಒಟ್ಟಿಗೆ ಕಳಿಸದ ಹಾಗೆ ನಮ್ಮ ದೇಶದಲ್ಲಿ ಮಿತಿ ಹಾಕಿತು. ಇದನ್ನು ಹೇಳಿದ ಮೇಲೆ ಭಾವ ಕಾಫಿ ಕುಡಿಯೋಕೆ ಎದ್ದು ಹೋದರು.

ಈಗ ನಮ್ಮ ಜಿಲ್ಲೆಯವರೇ ನನಗೆ ಬೈಯುವ ವಿಷಯ. ಪ್ರತಿ ಸೆಪ್ಟೆಂಬರ್ 15ಕ್ಕೆ ಒಂದು ಪೋಸ್ಟ್ ಬರುತ್ತದೆ. ವಿಶ್ವೇಶ್ವರಯ್ಯನವರು ಕೋಲಾರದ ಚಿನ್ನದ ಗಣಿಗೆ ಕರೆಂಟ್ ತಂದರು, ಏಷ್ಯಾದಲ್ಲೇ ಮೊದಲು, ಹೆಮ್ಮೆ ಇದ್ದರೆ ಶೇರ್ ಮಾಡಿ! ಅವರು ಹುಟ್ಟಿದ ಮುದ್ದೇನಹಳ್ಳಿ ನಮ್ಮ ಪಕ್ಕದಲ್ಲೇ ಇದೆ, ಅವರ ಮೇಲೆ ನನಗೂ ಹೆಮ್ಮೆ ಇದೆ. ಆದರೆ ಶಿವನಸಮುದ್ರದಿಂದ 140 ಕಿ.ಮೀ. ಮೀರಿ ಲೈನ್ ಎಳೆದು ಕೆಜಿಎಫ್‌ಗೆ ಕರೆಂಟ್ ಕೊಟ್ಟದ್ದು 1902ರಲ್ಲಿ. ಆಗ ವಿಶ್ವೇಶ್ವರಯ್ಯನವರು ಬಾಂಬೆ ಪ್ರಾಂತ್ಯದ ಸರ್ಕಾರದ ಕೆಲಸದಲ್ಲಿದ್ದರು. ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ಕರೆಂಟಿನ ಯೋಜನೆ ದಿವಾನ್ ಶೇಷಾದ್ರಿ ಅಯ್ಯರ್ ಕಾಲದ್ದು, ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಅನ್ನುವವರು. ಏಷ್ಯಾದಲ್ಲೇ ಮೊದಲು ಅನ್ನುವುದೂ ಇಲ್ಲ, ಡಾರ್ಜಿಲಿಂಗ್ ಹತ್ತಿರ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ನೀರಿನಿಂದ ಕರೆಂಟ್ ತೆಗೆದಿದ್ದರು. ಬೆಂಗಳೂರಿಗೆ ಬೀದಿ ದೀಪ ಬಂದದ್ದು 1905ಕ್ಕೆ, ಅಂದರೆ ಬೆಂಗಳೂರಿಗಿಂತ ಮೊದಲು ನಮ್ಮ ಗಣಿಗೆ ಬಂತು. ಹೆಮ್ಮೆಗೆ ಇಷ್ಟು ಸಾಲದಾ?

ಇಲ್ಲೂ ಅದೇ ನಷ್ಟ. ವಿಶ್ವೇಶ್ವರಯ್ಯನವರು ನಿಜವಾಗಿ ಮಾಡಿದ್ದೇನು ಅಂತ ಕೇಳಿ ನೋಡಿ, ಆ ಪೋಸ್ಟ್ ಶೇರ್ ಮಾಡಿದವರಲ್ಲಿ ಎಷ್ಟು ಜನ ಹೇಳುತ್ತಾರೆ? ನೀರು ಮಟ್ಟ ಮೀರಿದಾಗ ತಾನೇ ತೆರೆದುಕೊಳ್ಳುವ ಗೇಟ್ ರೂಪಿಸಿ 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿಗೆ ಹಾಕಿಸಿದರು. ಎಂಥ ತಲೆ! ಅದು ಯಾರಿಗೂ ಬೇಡ. ಅವರು ಮಾಡದ ಕೆಲಸಕ್ಕೆ ಹೂವಿನ ಹಾರ. ಹಾಗಂತ ಗ್ರೂಪ್‌ನಲ್ಲಿ ಬರೆದದ್ದಕ್ಕೆ ನನ್ನನ್ನು ಊರದ್ರೋಹಿ ಅಂದರು.

ಮನೆಯಲ್ಲಿ ಹೆಂಡತಿ ದಿನಾ ಹೇಳುತ್ತಾಳೆ, ನೀನು ರಿಪೇರಿ ಮಾಡೋದು ಕಮ್ಮಿ ಪಾಠ ಮಾಡೋದು ಜಾಸ್ತಿ, ಅದಕ್ಕೇ ಎದುರಿನ ಅಂಗಡಿಯಲ್ಲಿ ರಶ್ ಇರೋದು ಅಂತ. ನಿಜ ಹೇಳಬೇಕೆಂದರೆ ಈ ಅಕ್ಕಿ ರಾಗಿಯಿಂದ ನನಗೆ ವ್ಯಾಪಾರವೇ. ತಡವಾಗಿ ಬಂದಷ್ಟೂ ಬಿಲ್ ದೊಡ್ಡದು. ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟು ಹೊತ್ತಿಗೆ ಒಂದು ಸೈಟ್ ತಗೊಂಡಿರುತ್ತಿದ್ದೆ. ಆಗಲ್ಲ, ನನ್ನ ಗುಣವೇ ಹಾಗೆ.

ಈ ತಿಂಗಳು ಮದುವೆ ಸೀಸನ್, ಅದಕ್ಕೆ ಒಂದು ಮಾತು ಹೇಳಿಬಿಡುತ್ತೇನೆ. ಟವರ್‌ಗೆ, ಬಂಕ್‌ಗೆ, ರಾತ್ರಿ ಚಾರ್ಜಿಂಗ್‌ಗೆ ಹೆದರುವ ಇದೇ ಜನ ವಾಟ್ಸಾಪ್‌ನಲ್ಲಿ "ಮದುವೆ ಆಮಂತ್ರಣ" ಅಂತ ಹೆಸರಿರುವ ಎಪಿಕೆ ಫೈಲ್ (ಅಂದರೆ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್) ಬಂದರೆ ಯಾರ ಮದುವೆ ಅಂತ ನೋಡೋಕೆ ಒತ್ತೇಬಿಡುತ್ತಾರೆ. ಲಗ್ನಪತ್ರಿಕೆ ಫೋಟೋ ಆಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ, ಇನ್‌ಸ್ಟಾಲ್ ಮಾಡಿ ಅಂತ ಕೇಳಲ್ಲ. ಇನ್‌ಸ್ಟಾಲ್ ಮಾಡಿದರೆ ನಿಮ್ಮ ಮೆಸೇಜ್, ಓಟಿಪಿ ಎಲ್ಲಾ ಅವನ ಕೈಗೆ. ಒತ್ತಿಬಿಟ್ಟಿದ್ದರೆ ಆ ಫೋನಿನ ಡೇಟಾ, ವೈಫೈ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಾಳೆ ನೋಡೋಣ ಅನ್ನಬೇಡಿ. ನನ್ನ ಅಂಗಡಿಗೆ ಆಮೇಲೆ ಬಂದರೆ ಸಾಕು. ಫಾರ್ಮ್ಯಾಟ್ ಮಾಡಿಕೊಡುತ್ತೇನೆ, ಹೋದ ದುಡ್ಡು ನನ್ನ ಹತ್ತಿರ ಇರಲ್ಲ.