ಸ್ಪಷ್ಟನೆ: ಹೇಗ್ ನ್ಯಾಯಾಲಯದಲ್ಲಿ ಗಲ್ಲು ಶಿಕ್ಷೆ ಇಲ್ಲ

ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಯುದ್ಧಾಪರಾಧಿಗಳನ್ನು ಗಲ್ಲಿಗೇರಿಸುತ್ತದೆ ಎಂಬ ಸಂದೇಶ ಹಾಸನದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಗಲ್ಲು ವಿಧಿಸಿದ್ದು 1946ರಲ್ಲಿ, ಎರಡನೇ ಮಹಾಯುದ್ಧದ ನಂತರ ನಾಜಿ ನಾಯಕರ ವಿಚಾರಣೆ ನಡೆಸಿದ ನ್ಯೂರೆಂಬರ್ಗ್ ನ್ಯಾಯಮಂಡಳಿ. ಅದೇ ಬೇರೆ, ಇದೇ ಬೇರೆ. ಹೇಗ್‌ನಲ್ಲಿ ಗರಿಷ್ಠ 30 ವರ್ಷ ಸೆರೆವಾಸ, ಅತಿ ಘೋರ ಪ್ರಕರಣಗಳಲ್ಲಿ ಮಾತ್ರ ಜೀವಾವಧಿ.

ಬೇಲೂರು, ಹಳೇಬೀಡುಗಳನ್ನು ನೋಡುತ್ತ ಬೆಳೆದವರಿಗೆ ಈ ನ್ಯಾಯಾಲಯದ ಒಂದು ಪ್ರಕರಣ ಬೇಗ ಮನಸ್ಸಿಗೆ ತಟ್ಟುತ್ತದೆ. 2012ರಲ್ಲಿ ಮಾಲಿ ದೇಶದ ಟಿಂಬಕ್ಟುವಿನಲ್ಲಿ ಸಂತರ ಗೋರಿಗಳನ್ನು ಕೆಡವಿಸಿ, ಸಿದಿ ಯಾಹ್ಯಾ ಮಸೀದಿಯ ಸದಾ ಮುಚ್ಚಿದ್ದ ಬಾಗಿಲನ್ನು ಒಡೆಸಿದ ಅಹ್ಮದ್ ಅಲ್ ಮಹ್ದಿಗೆ 2016ರಲ್ಲಿ ಸಿಕ್ಕಿದ್ದು 9 ವರ್ಷ. ಆತ ತಪ್ಪೊಪ್ಪಿಕೊಂಡಿದ್ದನ್ನು ನ್ಯಾಯಾಧೀಶರು ಪರಿಗಣಿಸಿದರು. ನನಗಂತೂ ಇದು ಕಡಿಮೆಯೇ ಅನಿಸುತ್ತದೆ. ಮೂರನೇ ಎರಡು ಭಾಗ ಮುಗಿದಾಗ ಶಿಕ್ಷೆಯನ್ನು ಮರುಪರಿಶೀಲಿಸಲೇಬೇಕೆಂಬ ನಿಯಮವಿರುವುದರಿಂದ 2021ರಲ್ಲಿ ಅದರಲ್ಲೂ 2 ವರ್ಷ ಕಡಿತವಾಯಿತು.