ಕರೆಯದೆ ಬಂದ ನರ್ಸ್

ಮೆಲ್ಬರ್ನಿನ ಪಶ್ಚಿಮ ಅಂಚಿನ ಟಾರ್ನೀಟ್‌ನಲ್ಲಿ ನಾವು ಮನೆ ಮಾಡಿದ ಹೊಸದರಲ್ಲಿಯೇ ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಬಂದ ಕೆಲವೇ ದಿನಗಳಲ್ಲಿ ಸ್ಥಳೀಯ ಕೌನ್ಸಿಲ್ಲಿನ ನರ್ಸ್ ಒಬ್ಬರು ಫೋನ್ ಮಾಡಿ, ಹೊತ್ತು ಗೊತ್ತುಪಡಿಸಿಕೊಂಡು, ತೂಕದ ಯಂತ್ರ ಹಿಡಿದು ಮನೆಗೇ ಬಂದರು. ನಾವು ಅರ್ಜಿ ಹಾಕಿರಲಿಲ್ಲ, ಯಾರಿಂದಲೂ ಹೇಳಿಸಿರಲಿಲ್ಲ. ವಿಕ್ಟೋರಿಯಾ ರಾಜ್ಯದಲ್ಲಿ ಹೆರಿಗೆಯಾದ 48 ಗಂಟೆಗಳೊಳಗೆ ಆಸ್ಪತ್ರೆಯೇ ಕೌನ್ಸಿಲ್ಲಿಗೆ ತಿಳಿಸಬೇಕೆಂಬ ಕಾನೂನಿದೆಯೆಂದೂ, ಮಗುವಿಗೆ ಮೂರೂವರೆ ವರ್ಷವಾಗುವವರೆಗೆ ಇಂಥ 10 ತಪಾಸಣೆಗಳು ಉಚಿತವೆಂದೂ ಆಮೇಲೆ ತಿಳಿಯಿತು. ಹೊರಡುವ ಮುನ್ನ ಅವರು ಒಂದು ಪಟ್ಟಿ ಕೊಟ್ಟರು: ಚೊಚ್ಚಲ ತಾಯ್ತಂದೆಯರ ಗುಂಪು, ಗ್ರಂಥಾಲಯದಲ್ಲಿ ಕೂಸುಗಳಿಗೆ ಕಥೆ ಹೇಳುವ ಹೊತ್ತು, ಹೊಲಿಗೆಯಿಂದ ಇಂಗ್ಲಿಷಿನವರೆಗೆ ಕಲಿಸುವ ನೆರೆಹೊರೆ ಕೇಂದ್ರ.

ಅದೇ ವಾರ ಬೆಂಗಳೂರಿನ ಹೊರವಲಯದ ಬಡಾವಣೆಯಲ್ಲಿರುವ ಅಪ್ಪ, ಹಿರಿಯರು ಸೇರುವ ಜಾಗವೊಂದು ಹತ್ತಿರದಲ್ಲಿ ಇದೆಯೇ ಎಂದು ಹುಡುಕುತ್ತಿದ್ದರು. ಕೊನೆಗೆ ದಾರಿ ತೋರಿಸಿದವರು ಮೆಡಿಕಲ್ ಸ್ಟೋರಿನವರು, ಅದೂ ಅವರ ಮಾವ ಅಲ್ಲಿಗೆ ಹೋಗುತ್ತಿದ್ದುದರಿಂದ. 1965ರ ಕಾಯಿದೆಯಿಂದ ಬಂದ ಗ್ರಂಥಾಲಯ ಕರವನ್ನು, ಮನೆ ಕಂದಾಯದ ಮೇಲೆ ಶೇ. 6ರಂತೆ, ಅಪ್ಪ ವರ್ಷವೂ ತಪ್ಪದೆ ಕಟ್ಟುತ್ತಾರೆ. ತಮ್ಮ ಪಾಲಿನ ಗ್ರಂಥಾಲಯ ಎಲ್ಲಿದೆಯೆಂದು ಅವರಿಗೆ ಹೇಳಿದವರಿಲ್ಲ. ಕಾರ್ಪೊರೇಟರನ್ನು ಕೇಳೋಣವೆಂದರೆ, 2020ರ ಸೆಪ್ಟೆಂಬರಿನಲ್ಲಿ ಅವರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನಮ್ಮಲ್ಲಿ ಸೌಲಭ್ಯಗಳಿಲ್ಲವೆಂಬುದಲ್ಲ ನನ್ನ ತಕರಾರು. ಇರುವುದನ್ನು ಮುಟ್ಟಲು ಯಾರಾದರೂ ಪರಿಚಯವಿರಬೇಕು, ಪರಿಚಯವಿಲ್ಲದವರು ಕಂದಾಯ ಕಟ್ಟಿಕೊಂಡು ಸುಮ್ಮನಿರಬೇಕು ಎಂಬುದು.

ಇದನ್ನೆಲ್ಲ ಫೋನಿನಲ್ಲಿ ಹೇಳಿಕೊಂಡಾಗ ಹಾಸನದ ಕಡೆಯ ಹಳ್ಳಿಯಲ್ಲಿರುವ ಅತ್ತಿಗೆ ನಕ್ಕುಬಿಟ್ಟರು. ಅವರ ಬಾಣಂತನದಲ್ಲಿ ಆಶಾ ಕಾರ್ಯಕರ್ತೆ ಕರೆಯದೆಯೇ ಬರುತ್ತಿದ್ದರಂತೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 42 ದಿನಗಳಲ್ಲಿ ಆರು ಬಾರಿ ಮನೆಗೆ ಬರಬೇಕೆಂಬುದು ಅಲ್ಲಿನ ನಿಯಮವೇ. ಅಂಗನವಾಡಿಯ ಕಡೆ ತಲೆಹಾಕಿಯೂ ನೋಡದ ನಮ್ಮಂಥ ನಗರದವರಿಗೆ ಇದು ಕಾಣದಿದ್ದರೆ ತಪ್ಪು ಯಾರದೆಂದು ಅವರು ಕೇಳಿದರು, ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನರ್ಸ್ ಕೊಟ್ಟ ಪಟ್ಟಿಯಲ್ಲಿ ಕನ್ನಡದವರ ಗುಂಪು ಇರಲಿಲ್ಲ. ಇಂಡಿಯನ್ ದಿನಸಿ ಅಂಗಡಿಯಲ್ಲಿ ಮೆಂತ್ಯ ಸೊಪ್ಪು ಆರಿಸುತ್ತಿದ್ದ ಮೈಸೂರಿನವರೊಬ್ಬರು ನನ್ನ ಹೆಂಡತಿಯನ್ನು ಮಾತನಾಡಿಸಿ, ವಾಟ್ಸಾಪ್ ಗುಂಪಿಗೆ ಸೇರಿಸಿದರು. ಮರುದಿನವೇ ಯಾರದೋ ಮನೆಯಿಂದ ಅಂಟಿನುಂಡೆ, ಬಾಣಂತಿ ಸಾರಿನ ಪುಡಿ ಬಂದವು. ಕೌನ್ಸಿಲ್ಲಿನ ಹತ್ತು ತಪಾಸಣೆಗಳಲ್ಲಿ ಅವಕ್ಕೆ ಜಾಗವಿಲ್ಲ. ಆದರೂ ಕೌನ್ಸಿಲ್ಲಿನ ಪಟ್ಟಿಯಲ್ಲಿ ನಮ್ಮ ಗುಂಪಿನ ಹೆಸರನ್ನೂ ಸೇರಿಸಿದರೆ ಹೊಸದಾಗಿ ಬಂದವರಿಗೆ ಅನುಕೂಲವಾದೀತೆಂದು ಹಿರಿಯ ಸದಸ್ಯರೊಬ್ಬರಿಗೆ ಹೇಳಿದೆ. "ಯಾಕೆ ಬಿಡಿ, ನಮ್ಮವರಿಗೆಲ್ಲ ಗೊತ್ತೇ ಇದೆಯಲ್ಲ" ಎಂದರು.