ಮುಂದಿನ ಸಿನಿಮಾ ಇರಲಿ, ಈ ಸಿನಿಮಾ ಬಗ್ಗೆ ಕೇಳ್ರಪ್ಪ

ನವನಗರದಲ್ಲಿ ಕಿರುಚಿತ್ರ ಪ್ರದರ್ಶನ. ಜೊತೆಗೆ ಚಿತ್ರ ಮಾಡಿದವರ ಸಂದರ್ಶನ, ಅತಿಥಿಯಾಗಿ ಬೆಂಗಳೂರಿನ ನಿರ್ದೇಶಕರೊಬ್ಬರು. ನಮ್ಮ ಬಾಗಲಕೋಟೆಯಲ್ಲಿ ಇಂಥದ್ದು ನಡೆಯೋದೇ ಅಪರೂಪ ಅಂತ ಖುಷಿಯಿಂದ ಹೋದೆ. ಈಗಷ್ಟೇ ಮನೆಗೆ ಬಂದಿದ್ದೇನೆ. ಊಟ ಬಿಟ್ಟು ಇದನ್ನ ಟೈಪ್ ಮಾಡ್ತಾ ಕೂತಿದ್ದೇನೆ ಅಂದ್ರೆ ಸಿಟ್ಟು ಎಷ್ಟಿದೆ ಅಂತ ನನ್ನ ಬಲ್ಲವರಿಗೆ ಗೊತ್ತಾಗುತ್ತದೆ.

ಸಿಟ್ಟು ಸಿನಿಮಾಗಳ ಮೇಲಲ್ಲ. ಗುಳೇದಗುಡ್ಡದಲ್ಲಿ ಖಣ, ಅಂದ್ರೆ ರವಿಕೆ ಬಟ್ಟೆ, ನೇಯುವ ಅಜ್ಜ ಒಬ್ಬರ ಬಗ್ಗೆ ಒಬ್ಬ ಹುಡುಗ ಚಿತ್ರ ಮಾಡಿದ್ದಾನೆ. ಅದರಲ್ಲಿ ಒಂದೇ ಒಂದು ಮಾತಿಲ್ಲ. ಬರೀ ಕೈಮಗ್ಗದ ಸಪ್ಪಳ. ಅದು ನಿಧಾನ ಆಗ್ತಾ ಆಗ್ತಾ, ಕೊನೆಗೆ ಪಕ್ಕದ ಮನೆಯ ಪವರ್‌ಲೂಮ್ ಸದ್ದಿನಲ್ಲಿ ಕೇಳಿಸದೇ ಹೋಗುತ್ತದೆ. ಕತೆ ಅಷ್ಟೇ. ಸಾಕಲ್ವಾ?

ಲೈಟ್ ಹಾಕಿದರು. ಹುಡುಗನನ್ನ ವೇದಿಕೆಗೆ ಕರೆದರು. ನಿರೂಪಕರ ಮೊದಲ ಪ್ರಶ್ನೆ: "ದೊಡ್ಡ ಸಿನಿಮಾ ಯಾವಾಗ?" ಎರಡನೇದು: "ಹೀರೊ ಯಾರನ್ನ ಹಾಕ್ಕೋತೀರಿ?" ಮೂರನೇದಕ್ಕೆ ಟೈಮ್ ಇರಲಿಲ್ಲ. ಶಾಲು ಹೊದಿಸಬೇಕಿತ್ತು.

ಆಮೇಲೆ ಬಂದ ಹುಡುಗಿಗೂ ಅದೇ ಗತಿ. ಅವಳದು ಮುಳುಗಡೆಯ ಚಿತ್ರ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮೇಲೇಳುವ ಹಳೇ ಕಟ್ಟೆ. ಅದರ ಮೇಲೆ ಇಬ್ಬರು ಮುದುಕರು ಕೂತು ಯಾರ ಮನೆ ಎಲ್ಲಿತ್ತು ಅಂತ ಜಗಳ ಆಡ್ತಾರೆ. ಆಲಮಟ್ಟಿ ಅಣೆಕಟ್ಟಿನ ನೀರಿಗೆ ನಮ್ಮ ಮನೆ ಹೋದದ್ದು ನಿಮಗೆ ಗೊತ್ತೇ ಇದೆ. ಕತ್ತಲಲ್ಲಿ ಅತ್ತುಬಿಟ್ಟೆ. ಪಕ್ಕದವರು ನೋಡಿದ್ರೆ ನೋಡ್ಲಿ. ಅಂಥ ಚಿತ್ರ ಮಾಡಿದವಳಿಗೆ ಕೇಳಿದ್ದೇನು? "ಬೆಂಗಳೂರಿಗೆ ಯಾವಾಗ ಹೋಗ್ತೀರಿ?"

ಅತಿಥಿ ನಿರ್ದೇಶಕರಾದ್ರೂ ಏನಾದ್ರೂ ಕೇಳ್ತಾರೆ ಅಂತ ಕಾದೆ. "ಕಿರುಚಿತ್ರ ಅಂದ್ರೆ ನಿಮ್ಮ ವಿಸಿಟಿಂಗ್ ಕಾರ್ಡ್" ಅಂದ್ರು. ಚಪ್ಪಾಳೆಯೋ ಚಪ್ಪಾಳೆ.

ಒಪ್ಪೋಣ. ಕಿರುಚಿತ್ರ ಟಾಕೀಸಿನಲ್ಲಿ ಓಡಲ್ಲ. ಕೈಯಿಂದ ದುಡ್ಡು ಹಾಕಬೇಕು, ಹೊಟ್ಟೆಪಾಡೂ ನಡೀಬೇಕು. ಆದ್ರೆ ಸ್ವಾಮಿ, ಕೈಗೆ ಕೊಟ್ಟ ಕಾರ್ಡನ್ನ ಓದದೇ ಜೇಬಿಗೆ ಹಾಕ್ಕೊಂಡ್ರೆ ಹೇಗೆ?

ಆಸ್ಕರ್‌ನವರು 40 ನಿಮಿಷದೊಳಗಿನ ಚಿತ್ರಗಳಿಗೆ ಬೇರೆಯೇ ಪ್ರಶಸ್ತಿ ಇಟ್ಟಿದ್ದಾರೆ, ದೊಡ್ಡದು ಮಾಡಿಕೊಂಡು ಬಾ ಅಂತ ವಾಪಸ್ ಕಳಿಸಲ್ಲ. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿಗಳ ಚಿತ್ರಗಳಿಗೆ ಅಂತಲೇ ಇರುವ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಬಂದದ್ದು ಯಾರಿಗೆ? ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿತ ನಮ್ಮ ಚಿದಾನಂದ ನಾಯ್ಕ್ ಅವರಿಗೆ. ಚಿತ್ರ ಕನ್ನಡದ್ದು. ಊರಿನ ಹುಂಜ ಕದ್ದ ಅಜ್ಜಿಯ ಕತೆ. ಬರೀ 16 ನಿಮಿಷ! ಅವರೇನಾದ್ರೂ ಇಲ್ಲಿ ಬಂದಿದ್ರೆ ಅವರಿಗೂ "ಹೀರೊ ಯಾರು" ಅಂತಲೇ ಕೇಳ್ತಿದ್ರು. ಹುಂಜ ಅನ್ನಬೇಕಿತ್ತು ಪಾಪ.

ಕೊನೆಗೆ ಪಾರ್ಕಿಂಗ್‌ನಲ್ಲಿ ಆ ಖಣದ ಹುಡುಗನನ್ನ ನಾನೇ ಹಿಡಿದೆ. "ಮಗ್ಗದ ಸಪ್ಪಳ ಅಷ್ಟು ಚೊಲೋ ಹೆಂಗ ರೆಕಾರ್ಡ್ ಮಾಡಿದಿ ತಮ್ಮಾ?"

ಅವನ ಮುಖ ಅರಳಿತು. "ಅಕ್ಕಾರ, ಓಣಿ ತುಂಬ ಪವರ್‌ಲೂಮ್ ಸಪ್ಪಳರೀ. ಕರೆಂಟ್ ಯಾವಾಗ ಹೊಕ್ಕೈತಿ ಅಂತ ಕಾಯ್ಕೊಂಡ ಕುಂದರತಿದ್ವಿ. ಹೋತು ಅಂದ್ರ ಅಜ್ಜ ಮಗ್ಗಕ್ಕ ಇಳೀತಿದ್ರು, ನಾವು ಮೈಕ್ ಹಚ್ಚತಿದ್ವಿ."

ಕರೆಂಟ್ ಹೋಗಲಿ ಅಂತ ಕಾದು ಮಾಡಿದ ಸಿನಿಮಾ! ಇಡೀ ಸಭೆ ಕೇಳಬೇಕಾದ ಈ ಮಾತನ್ನ ನಾನೊಬ್ಬಳೇ ಸ್ಕೂಟಿ ಪಕ್ಕ ನಿಂತು ಕೇಳಿಸಿಕೊಂಡೆ. ಆಯೋಜಕರೇ, ಮುಂದಿನ ಸಲ ಮೈಕ್ ನನ್ನ ಕೈಗೆ ಕೊಡಿ. ಶಾಲು ಬೇಡ.